ಅಕಿ ಹಾಯಿ ಅಕಿ ಅಳತೀದಿರಲಿ

ನಮ್ಮ ಮನಿಗಳೊಳಗ ಒಂದು ಹಳೇ ರೂಢಿ ಅದ. ಗಂಡಸರ ಸಾಮಾನು ಇದ್ರ ಹೆಂಗಸರಿಗೆ ಬ್ಯಾರೆ ತರೂದಿಲ್ಲ. ಗಂಡನ ರೇನ್‌ಕೋಟು, ಅಣ್ಣನ ಸೈಕಲ್ಲು, ಮಗನ ಹೆಲ್ಮೆಟ್ಟು. "ಇದ್ದದ್ದು ಅದ ಅಲ್ಲ, ಅದನ್ನ ಹಾಕ್ಕೋ, ಒಂದು ತಾಸಿನ ಕೆಲಸಕ್ಕ ಹೊಸಾದು ಯಾಕ?" ಅಂತಾರ. ನಾವೂ ಹೂಂ ಅಂತೀವಿ. ರೇನ್‌ಕೋಟಿನ ತೋಳು ಗೇಣುದ್ದ ಜೋತು ಬೀಳ್ತದ, ಮಡಚಿಕೋತೀವಿ. ಹೆಲ್ಮೆಟ್ಟು ಹುಬ್ಬಿನ ತನಕ ಇಳೀತದ, ಎತ್ತಿ ಎತ್ತಿ ದಾರಿ ನೋಡ್ತೀವಿ. ಕಡೀಕೆ ಹೆಸರು ಬರೂದು ಮಾತ್ರ ನಮಗ: "ಇಕಿಗೆ ಗಾಡಿ ಹೊಡೀಲಿಕ್ಕೆ ಬರೂದಿಲ್ಲ."

ಇವತ್ತು ನಾ ಬರೀಲಿಕ್ಕೆ ಹತ್ತಿದ್ದು ಹೆಲ್ಮೆಟ್ಟಿನ ಬಗ್ಗೆ ಅಲ್ಲ, ಹಾಯಿ ಬಗ್ಗೆ. ನೀರಿನ ಮ್ಯಾಲೆ ಹಲಗಿ, ಹಲಗಿ ಮ್ಯಾಲೆ ಹಾಯಿ, ಅದನ್ನ ಹಿಡಕೊಂಡು ನಿಂತ ಮನಷ್ಯಾ. ಅದಕ್ಕ ವಿಂಡ್‌ಸರ್ಫಿಂಗ್ ಅಂತಾರ. ಅದರಾಗೂ ಈಗ ಹಲಗಿ ನೀರು ಬಿಟ್ಟು ಮ್ಯಾಲೇಳೂ ತರಹದ್ದು ಬಂದದ, ಅದಕ್ಕ ಫಾಯಿಲಿಂಗ್ ಅಂತ ಹೆಸರು. ವೈನಿ, ಅಬಚಿ, ಕಾಕು, ನೀವು ನಗೂದು ನನಗ ಇಲ್ಲೇ ಕೇಳಸ್ತದ. "ಧಾರವಾಡದಾಗ ಕೆಲಗೇರಿ ಕೆರಿ ಬಿಟ್ರ ನೀರು ನೋಡದಾಕಿ ಹಾಯಿ ಬಗ್ಗೆ ಏನು ಹೇಳ್ತಾಳ" ಅಂತ. ಹಲಗಿ ಮ್ಯಾಲೆ ನಾ ಕಾಲಿಟ್ಟಿಲ್ಲ, ಇಡೂದೂ ಇಲ್ಲ. ಆದರ ಅಳತಿ ಅಂದ್ರೇನು ಅಂತ ನಮಗ ಯಾರೂ ಕಲಿಸಬೇಕಾಗಿಲ್ಲ. ನಾಕು ಮಂದಿಗೆ ಎಷ್ಟು ಅಕ್ಕಿ, ಯಾವ ಬೋಗಾಣಿಗೆ ಯಾವ ಮುಚ್ಚಳ, ಎಂಥ ಮೈಗೆ ಎಷ್ಟು ಬಟ್ಟಿ ಅಂತ ನೋಡಕೋತ ಮೂವತ್ತು ವರ್ಷ ಆತು. ಹಾಯಿ ಲೆಕ್ಕಾನೂ ಅದೇ ಜಾತೀದು.

ನನ್ನ ಮಗಳು, ಅಳಿಯಂದ್ರು ಆಸ್ಟ್ರೇಲಿಯಾದ ಪರ್ತ್ ಊರಾಗ ಇದ್ದಾರ. ಊರ ನಡಕ ಸ್ವಾನ್ ಅನ್ನೂ ಹೊಳಿ. 1697ರಾಗ ಬಂದ ಡಚ್ಚರ ಹಡಗಿನವರು ಅಲ್ಲೆ ಕರೇ ಹಂಸ ನೋಡಿ ಈ ಹೆಸರು ಇಟ್ಟರಂತ. ಈಗಲೂ ಹಂಸ ಕರೇವ ಇದ್ದಾವ. ಊರಿಗೆ ಬಂದಮ್ಯಾಲೆ ಹೊಳಿ ಸಮುದ್ರದಂಗ ಅಗಲ ಆಗ್ತದ. ಪೆಲಿಕನ್ ಪಾಯಿಂಟ್ ಅನ್ನೂ ಮರಳಿನ ದಂಡಿ ಒಂದು ಅದ, ಮಧ್ಯಾಹ್ನ ಆತಂದ್ರ ಅಲ್ಲೆ ಬಣ್ಣಬಣ್ಣದ ಹಾಯಿ ಕಾಣಸ್ತಾವ. ಅವರಿಬ್ಬರಿಗೂ ಈ ಹುಚ್ಚು. ನಮ್ಮ ಥಂಡಿ ದಿನಾ ಅಂದ್ರ ಅವರಿಗೆ ಬ್ಯಾಸಗಿ, ನಾ ಹೋಗೂದೂ ಆಗ್ಲೇ. ಹಿಂಗಾಗಿ ದಂಡೀ ಮ್ಯಾಲೆ ಕೂತು, ಅವಲಕ್ಕಿ ಡಬ್ಬಿ ಕಾಯಕೋತ, ನಾ ನೋಡಿದ್ದು ಭಾಳ ಅದ.

ಮೊದಲು ವಸ್ತು ಹೆಂಗಿರ್ತದ ಅಂತ ಹೇಳಿಬಿಡ್ತೀನಿ. ಹಲಗಿ ಮ್ಯಾಲೆ ಒಂದು ಕಂಬ, ಕಂಬಕ್ಕ ಹಾಯಿ. ಕಂಬ ಬುಡದಾಗ ಗಟ್ಟಿ ಕೂಡೂದಿಲ್ಲ, ಎಲ್ಲಾ ಕಡೆ ಹೊಳ್ಳತದ, ಹಿಂಗಾಗಿ ಹಾಯಿ ನಿಂತಿರೂದು ನಿಂತಾಕಿ ಕೈಯಾಗ. ಕೈಯಿಂದ ಹಿಡೀಲಿಕ್ಕೆ ಸುತ್ತಲೂ ಒಂದು ಬಳಿ ಇರ್ತದ, ಅದಕ್ಕ ಬೂಮ್ ಅಂತಾರ. ಸಾದಾ ವಿಂಡ್‌ಸರ್ಫಿಂಗಿನಾಗ ಹಲಗಿ ಕೆಳಗ ಮೀನಿನ ರೆಕ್ಕಿಯಂಥ ಒಂದು ಫಿನ್ ಇರ್ತದ. ಫಾಯಿಲಿನಾಗ ಫಿನ್ ಬದಲಿಗೆ ಮಾರುದ್ದ ಅಲ್ಲದಿದ್ರೂ ಎರಡು ಮೊಳದ ಹತ್ತರ ಕಂಬ ನೀರೊಳಗ ಇಳದಿರ್ತದ, ಅದರ ತುದಿಗೆ ಸಣ್ಣ ವಿಮಾನದಂಥದ್ದು: ಮುಂದ ದೊಡ್ಡ ರೆಕ್ಕಿ, ಹಿಂದ ಸಣ್ಣ ರೆಕ್ಕಿ. ಹಲಗಿ ವೇಗ ಹಿಡೀತಂದ್ರ ನೀರು ಆ ರೆಕ್ಕೀನ ಮ್ಯಾಲೆ ಎತ್ತತದ, ವಿಮಾನಕ್ಕ ಗಾಳಿ ಎತ್ತಿಧಂಗ. ಹಲಗಿ ನೀರು ಬಿಟ್ಟು ಮೊಳಕಾಲೆತ್ತರ ಮ್ಯಾಲೆ ಹೊಂಟುಬಿಡ್ತದ. ಸಪ್ಪಳಿಲ್ಲ, ನೀರ ಸಿಡಿಯೂದಿಲ್ಲ. ನೋಡಿದ್ರ ದೃಷ್ಟಿ ತಗೀಬೇಕನಸ್ತದ.

ಇನ್ನ ಹಾಯಿ ಅಳತಿ. ಅದನ್ನ ಚದರ ಮೀಟರ್‌ನಾಗ ಹೇಳ್ತಾರ: 3.5, 4, 5, 6, ಹಿಂಗ 9ರ ತನಕ. ನಮಗ ತಿಳಿಯೂ ಹಂಗ ಹೇಳಬೇಕಂದ್ರ ಸೀರಿ ಲೆಕ್ಕ ಛಲೋ. ನಾವು ದಿನಾ ಉಡೂ ಸೀರಿ ಐದೂವರಿ ಮೀಟರ್ ಉದ್ದ, ಒಂದು ಮೀಟರಿಗಿಂತ ತುಸು ಜಾಸ್ತಿ ಅಗಲ, ಅಂದ್ರ ಹತ್ತರ ಹತ್ತರ 6 ಚದರ ಮೀಟರ್. ನಮ್ಮ ಅಜ್ಜಿ ಉಡತಿದ್ದ ಒಂಬತ್ತು ವಾರಿ ಕಚ್ಚಿ ಸೀರಿ 9 ಚದರ ಮೀಟರ್. 4ರ ಹಾಯಿ ಅಂದ್ರ ಸೀರಿಯ ಮೂರು ಪಾಲಿನಾಗ ಎರಡು ಪಾಲು. ಆಷಾಢದ ಗಾಳ್ಯಾಗ ಮಾಳಿಗಿ ಮ್ಯಾಲೆ ಹಸೀ ಸೀರಿ ಒಣಹಾಕಿದವರು ನೀವೆಲ್ಲಾ. ಎರಡೂ ಕೈಯಾಗ ಸೆರಗು ಹಿಡದು ಝಾಡಿಸಿದಾಗ ಗಾಳಿ ತುಂಬಕೊಂಡು ಸೀರಿ ನಮ್ಮನ್ನ ಕಟಾಂಜನದ ತನಕ ಜಗ್ಗಿಕೊಂಡು ಹೋಗೂದಿಲ್ಲೇನು? ಅದನ್ನ ನೆನಪಿಟ್ಟಕೊಂಡು ಮುಂದ ಓದ್ರಿ.

ಯಾರಿಗೆ ಎಷ್ಟರ ಹಾಯಿ ಅನ್ನೂದು ಮೂರು ಮಾತಿನ ಮ್ಯಾಲೆ ನಿಂತದ: ಗಾಳಿ ಎಷ್ಟು, ನಿಂತವರ ತೂಕ ಎಷ್ಟು, ನೀರೊಳಗಿನ ರೆಕ್ಕಿ ಎಷ್ಟು. ಅಂಗಡಿಯಾಗ ಯಾವುದರ ಮ್ಯಾಲೆ ರಿಯಾಯ್ತಿ ಅದ, ಮನ್ಯಾಗ ಯಾರದು ಖಾಲಿ ಬಿದ್ದದ, ಗೆಳತಿ ಕೈಯಾಗ ಯಾವುದದ, ಇವು ಯಾವೂ ಆ ಲೆಕ್ಕದಾಗ ಬರೂದಿಲ್ಲ.

ಗಾಳಿ ಮಾತು ಮೊದಲು. ಪರ್ತ್‌ನಾಗ ಬ್ಯಾಸಗಿ ಮುಂಜಾನೆ ಗಾಳಿ ಮೂಡಣದಿಂದ, ಮರಳುಗಾಡಿನ ಕಡೆಯಿಂದ ಬರ್ತದ, ಬಿಸಿ ಇರ್ತದ. ಮಧ್ಯಾಹ್ನ ನೆಲ ಕಾದು ಹಂಚಾದಮ್ಯಾಲೆ ಸಮುದ್ರದ ಕಡೆಯಿಂದ, ನೈಋತ್ಯದಿಂದ, ತಣ್ಣನ ಗಾಳಿ ಒಳಗ ನುಗ್ಗತದ. ಅದಕ್ಕ ಅಲ್ಲಿಯವರು ಇಟ್ಟ ಹೆಸರು ಫ್ರಿಮ್ಯಾಂಟಲ್ ಡಾಕ್ಟರ್. ಫ್ರಿಮ್ಯಾಂಟಲ್ ಅಂದ್ರ ಸಮುದ್ರದ ದಂಡಿಗಿರೂ ಬಂದರು. ಬಿಸಲಾಗ ಬೆಂದ ಊರಿಗೆ ಔಷಧ ಕೊಟ್ಟಂಗ ಬರ್ತದಂತ ಡಾಕ್ಟರ್. ಈ ಡಾಕ್ಟರ್ ಬಂದ್ರ 15, 18, ಒಮ್ಮೊಮ್ಮೆ 20 ನಾಟ್ ಗಾಳಿ. ಒಂದು ನಾಟ್ ಅಂದ್ರ ತಾಸಿಗೆ 1.85 ಕಿಲೋಮೀಟರ್, 15 ನಾಟ್ ಅಂದ್ರ ತಾಸಿಗೆ ಸುಮಾರು 28 ಕಿಲೋಮೀಟರ್.

ಇದರಾಗ ಒಂದು ಮರ್ಮ ಅದ, ಅದನ್ನ ತಿಳಕೋಲಾರದ ಭಾಳ ಮಂದಿ ಬೀಳ್ತಾರ. ಗಾಳಿ ಎರಡು ಪಟ್ಟು ಆದ್ರ ಹಾಯಿ ಜಗ್ಗೂ ಜೋರು ಎರಡು ಪಟ್ಟಲ್ಲ, ನಾಕು ಪಟ್ಟು. 10 ನಾಟ್ ಹೋಗಿ 15 ಆತಂದ್ರ ಗಾಳಿ ಬರೇ ಒಂದೂವರಿ ಪಟ್ಟು, ಜಗ್ಗೂದು ಮಾತ್ರ ಎರಡು ಪಟ್ಟಿಗಿಂತ ಜಾಸ್ತಿ. ಒಲಿ ಉರಿ ತುಸು ಹೆಚ್ಚ ಮಾಡಿದ್ರ ಹಾಲು ಪೂರಾ ಉಕ್ಕಿ ಬಂದ್ಹಂಗ. ಹಿಂಗಾಗಿ ಮುಂಜಾನೆ ಮೂಡಣ ಗಾಳಿಗೆ ಸರಿಯಾದ ಹಾಯಿ ಮಧ್ಯಾಹ್ನದ ಡಾಕ್ಟರ್‌ಗೆ ಸರಿಯಲ್ಲ. "ತುಸು ಗಾಳಿ ಹೆಚ್ಚಾಗೇದ, ಇರಲಿ, ನಡೀತದ" ಅನ್ನೂ ಮಾತು ಇಲ್ಲೆ ನಡಿಯೂದಿಲ್ಲ.

ಎರಡನೇದು ತೂಕ. ಹಾಯಿ ಜಗ್ಗಿದ್ದಕ್ಕ ಎದುರಾಗಿ ನಿಲ್ಲೂದು ನಮ್ಮ ಮೈಭಾರ. ಹಿಂದಕ್ಕ ವಾಲಿ ತೂಗಬೇಕು, ತಕ್ಕಡಿ ಇದ್ಧಂಗ. ಈ ಆಟದವರು ಒಂದು ಸರಳ ಲೆಕ್ಕ ಹಾಕ್ತಾರ: ತೂಕಾನ ಗಾಳಿಯ ನಾಟಿನಿಂದ ಭಾಗಿಸಿ, ಬಂದದ್ದನ್ನ 1.4ರಿಂದ ಗುಣಿಸೂದು. ಅದು ಫಿನ್ ಇದ್ದ ಸಾದಾ ಹಲಗಿಗೆ ಅಂದಾಜು ಹಾಯಿ. ನಮ್ಮ ಅಳಿಯಂದ್ರು 82 ಕಿಲೋ. 15 ನಾಟಿಗೆ ಲೆಕ್ಕ ಹಾಕಿದ್ರ 7.6 ಬರ್ತದ. ನನ್ನ ಮಗಳು 54 ಕಿಲೋ. ಅಕಿಗೆ 5. ಒಂದೇ ಹೊಳಿ, ಒಂದೇ ಗಾಳಿ, ಒಂದೇ ಮನಿ, ಎರಡೂವರಿ ಚದರ ಮೀಟರ್ ಫರಕು!

ಫಾಯಿಲ್ ಹಚ್ಚಿದಮ್ಯಾಲೆ ಇದೂ ಕಡಿಮಿ ಆಗ್ತದ. ದೊಡ್ಡ ಹಾಯಿದಾಗ ಒಂದೂವರಿ, ಸಣ್ಣದರಾಗ ಒಂದು ಚದರ ಮೀಟರ್ ಕಳೀಬಹುದು ಅಂತ ಇಟ್ಟಕೋರಿ. ಅಂದ್ರ ಅಳಿಯಂದ್ರಿಗೆ 6, ಮಗಳಿಗೆ 4. ಯಾಕ ಕಡಿಮಿ ಅಂದ್ರ, ಹಲಗಿ ನೀರಾಗ ಇದ್ದಾಗ ನೀರು ಅದನ್ನ ಹಿಡದಿಡ್ತದ. ಹಸೀ ಮಣ್ಣಾಗ ಚಕ್ಕಡಿ ಎಳದ್ಹಂಗ. ಒಮ್ಮೆ ಹಲಗಿ ಮ್ಯಾಲೆದ್ದು ಬರೇ ರೆಕ್ಕಿ ಅಷ್ಟೇ ನೀರಾಗ ಉಳೀತಂದ್ರ ಹಿಡಿಯೂದು ಭಾಳ ಕಡಿಮಿ, ಡಾಂಬರ ರಸ್ತೆಕ್ಕ ಬಂದಂಗ. ಮ್ಯಾಲಾಗಿ ವೇಗ ಬಂದ್ರ ಗಾಳೀನೂ ತಾನೇ ಹುಟ್ಟತದ. ಗಾಳಿ ಇಲ್ಲದ ದಿನ ಸ್ಕೂಟರ್ ಮ್ಯಾಲೆ ಹೋಗುವಾಗ ಮಾರಿಗೆ ಗಾಳಿ ಬಡಿಯೂದಿಲ್ಲೇನು? ಹಂಗ. ಏಳಲಿಕ್ಕೆ ತುಸು ತಾಕತ್ತು ಬೇಕು, ಎದ್ದಮ್ಯಾಲೆ ಅಷ್ಟು ಬ್ಯಾಡ. ಎದ್ದೇಳೂ ಹೊತ್ತಿಗೆ ಹಾಯಿ ನಾಕು ಸಲ ಜಗ್ಗಿ ಬಿಟ್ಟು ಗಾಳಿ ಬೀಸಿಧಂಗ ಮಾಡಿದ್ರ ಆತು. ಅಷ್ಟಕ್ಕಾಗಿ ಪೂರಾ ಹೊತ್ತು ದೊಡ್ಡ ಹಾಯಿ ಹೊತ್ತುಕೊಂಡು ನಿಲ್ಲೂದು ಯಾಕ?

ಆದರ ನನ್ನ ಮಗಳ ಕೈಯಾಗ ಇದ್ದದ್ದು ಯಾವುದು? ಗಂಡನ 6. ಅವರು ತಮಗ ಹೊಸಾ ಹಾಯಿ ತಗೊಂಡಾಗ ಹಳೇದು ಇಕಿಗೆ ಬಂತು. ಕೆಟ್ಟ ಮನಸ್ಸಿನಿಂದ ಅಲ್ಲ, ಪ್ರೀತಿಯಿಂದ. ಮಾರೂದು ಬಿಟ್ಟು ಹೆಂಡತಿಗೆ ಕೊಟ್ಟರು. ಅಕಿಗೆ ಬೇಕಾದ್ದಕ್ಕಿಂತ ಒಂದೂವರಿ ಪಟ್ಟು ದೊಡ್ಡದು, ಅದೂ ಕಲಿಯೂ ಹೊತ್ತಿನಾಗ.

ನಾ ದಂಡೀ ಮ್ಯಾಲೆ ಕೂತು ನೋಡಿದ್ದು ಹೇಳ್ತೀನಿ. ಬಿದ್ದ ಹಾಯಿ ನೀರಾಗ ಮಲಗಿರ್ತದ, ಅದರ ಮ್ಯಾಲೆ ನೀರು ಹೇರಿರ್ತದ. ಹಲಗಿ ಮ್ಯಾಲೆ ನಿಂತು ಹಗ್ಗ ಹಿಡದು ಬಾವಿಯಿಂದ ಕೊಡ ಸೇದಿಧಂಗ ಅದನ್ನ ಎತ್ತಬೇಕು. ಮೊದಲನೇ ಸಲ ಎತ್ತತಾಳ, ಎರಡನೇ ಸಲ ಎತ್ತತಾಳ, ಐದನೇ ಸಲಕ್ಕ ಬೆನ್ನು ಹಿಡಕೊಂಡು ಕೂಡ್ತಾಳ. ಎತ್ತಿ ಹೊಂಟ್ರ ಗಾಳಿ ತುಂಬಿದ ಕೂಡಲೇ ಹಾಯಿ ಅಕಿನ್ನ ಮುಂದಕ್ಕ ಎತ್ತಿ ಒಗೀತದ. ಹಂಗ ಒಗಿಯೂದಕ್ಕ ಅವರು ಕವಣಿ ಹೆಸರೇ ಇಟ್ಟಾರ. ಫಾಯಿಲಿನಾಗ ಇನ್ನೊಂದು ತ್ರಾಸು: ತಾಕತ್ತು ಜಾಸ್ತಿ ಆದ್ರ ವೇಗ ಜಾಸ್ತಿ, ವೇಗ ಜಾಸ್ತಿ ಆದ್ರ ರೆಕ್ಕಿ ಇನ್ನೂ ಮ್ಯಾಲೆ ಎತ್ತತದ, ಎತ್ತಿ ಎತ್ತಿ ರೆಕ್ಕಿ ನೀರು ಬಿಟ್ಟು ಹೊರಗ ಬಂತಂದ್ರ ಹಲಗಿ ಧೊಪ್ಪಂತ ಕೆಳಗ. ಸಾದಾ ಹಲಗಿ ಆದ್ರ ನೀರಿನ ಮ್ಯಾಲೆ ಕೂತು ಸಂಭಾಳಿಸ್ತದ. ಇದು ಸಂಭಾಳಿಸೂದಿಲ್ಲ. ಫಾಯಿಲಿನಾಗ ಹೆಚ್ಚಿನ ಹಾಯಿ ಹೆಚ್ಚಿನ ಸುಖ ಅಲ್ಲ.

ಒಂದು ದಿನ ಸಂಜೀಕೆ ಮನಿಗೆ ಬಂದು, ಅಂಗೈ ಬೊಬ್ಬಿ ತೋರಿಸಿ ಅಂದಳು, "ಅವ್ವಾ, ಇದು ನನ್ನ ಕೈಲೆ ಆಗೂದಲ್ಲ. ನನ್ನಾಗೇ ತಾಕತ್ತಿಲ್ಲ. ಹಲಗಿ ಮಾರಿಬಿಡೋಣು." ದಿನಾ ಕಂಪ್ಯೂಟರ್ ಮುಂದ ಒಂಬತ್ತು ತಾಸು ಕೂಡೂ ಹುಡಗಿ ವಾರಕ್ಕೆರಡು ದಿನ ನೀರಿಗಿಳದು ಖುಷಿ ಪಡತಿದ್ದದ್ದು ಹೋಗ್ತದಲ್ಲ ಅಂತ ನನಗ ಕೆಟ್ಟನಸಿತು. ಅದಕ್ಕಿಂತ ಕೆಟ್ಟನಸಿದ್ದು "ನನ್ನಾಗೇ ತಾಕತ್ತಿಲ್ಲ" ಅನ್ನೂ ಮಾತು. ಹೆಂಗಸರ ಬಾಯಾಗ ಈ ಮಾತು ಎಷ್ಟು ಲಗೂ ಬರ್ತದ ನೋಡ್ರಿ. ಝಂಪರ್ ಬಿಗಿ ಆದ್ರ "ನಾ ದಪ್ಪಾಗೇನಿ" ಅಂತೀವಿ, "ಸಿಂಪಿಗ ತಪ್ಪು ಹೊಲದಾನ" ಅನ್ನೂದಿಲ್ಲ.

ಮುಂದಿನ ವಾರ ಅಲ್ಲೇ ದಂಡೀ ಮ್ಯಾಲೆ ಕಲಿಸೂ ಬಾಯಿ ಒಬ್ಬಾಕಿ, ನನಗಿಂತ ನಾಕೈದು ವರ್ಷ ಸಣ್ಣಾಕಿ ಇರಬೇಕು, ಇಕಿನ್ನ ನೋಡಿ ಕೇಳಿದ್ದು ಒಂದೇ ಮಾತು: "ನಿನ್ನ ತೂಕ ಎಷ್ಟು?" ಕೇಳಿ, ಬಾಡಿಗಿಗೆ ಕೊಡೂ ಸಾಮಾನಿನಾಗಿಂದ 4ರ ಹಾಯಿ ತಂದು ಕೊಟ್ಟಳು. ಗಾಳಿ ಅವತ್ತೂ 15 ನಾಟ್ ಇತ್ತು. ಇಕಿ ಒಂದೇ ಕೈಯಿಂದ ಹಾಯಿ ಎತ್ತಿದಳು. ಎರಡು ಸಲ ಬಿದ್ದಳು, ಮೂರನೇ ಸಲಕ್ಕ ಹಲಗಿ ಮ್ಯಾಲೆದ್ದು ಹೊಂಟಿತು, ಆ ದಂಡಿ ತನಕ. ತಾಕತ್ತು ಒಂದು ವಾರದಾಗ ಬಂದದ್ದಲ್ಲ, ಅಳತಿ ಬಂದದ್ದು.

ಮೂರನೇದು ರೆಕ್ಕಿ. ಹಾಯಿ ಒಂದನ್ನೇ ನೋಡಿ ತಗೊಂಡ್ರ ಬೋಗಾಣಿ ಬಿಟ್ಟು ಮುಚ್ಚಳ ತಂದ್ಹಂಗ. ಮುಂದಿನ ರೆಕ್ಕೀನ ಚದರ ಸೆಂಟಿಮೀಟರ್‌ನಾಗ ಅಳೀತಾರ. ಕಲಿಯೂವರಿಗೆ 1500, 2000ದ್ದು ಕೊಡ್ತಾರ. 1500 ಅಂದ್ರ ಮೂರು ಚಪಾತಿ ಲಟ್ಟಸೂ ಮಣಿ ಸಾಲಾಗಿ ಇಟ್ಟಷ್ಟು. ಪಂದ್ಯದವರದು 900ರ ಹತ್ತರ, ಎರಡು ಮಣಿ. ದೊಡ್ಡ ರೆಕ್ಕಿ ಸಾವಕಾಶ ಹೊಂಟ್ರೂ ಎತ್ತತದ, ಹಿಂಗಾಗಿ ಸಣ್ಣ ಹಾಯಿ ಸಾಕು. ಸಣ್ಣ ರೆಕ್ಕಿ ವೇಗ ಬರೂ ತನಕ ಎತ್ತೂದಿಲ್ಲ, ಅದಕ್ಕ ದೊಡ್ಡ ಹಾಯಿ ಬೇಕು. ಗಾಳಿ ಕಡಿಮಿ ಅಂತ ಹಾಯಿ ದೊಡ್ಡದು ಮಾಡೂಕ್ಕಿಂತ ಮೊದಲು ರೆಕ್ಕಿ ದೊಡ್ಡದು ಮಾಡಬಹುದೇನು ಅಂತ ಕೇಳೂದು ಶಾಣ್ಯಾತನ. ಕೈಮ್ಯಾಲಿನ ಭಾರ ನೀರಿನ ಮ್ಯಾಲೆ ಹಾಕಿಧಂಗ ಆಗ್ತದ.

ಇಲ್ಲೆ ಅಳಿಯಂದ್ರ ಮಾತೂ ಹೇಳಬೇಕು, ಇಲ್ಲಂದ್ರ ನಾ ಏಕಪಕ್ಷ ಮಾಡಿಧಂಗ ಆಗ್ತದ. ಅವರಂದರು, "ಅತ್ಯಾ, ಹಾಯಿ ಒಂದೇ ಅಲ್ಲ. 4ರ ಹಾಯಿಗೆ ನನ್ನ ಕಂಬ ಕೂಡೂದಿಲ್ಲ. ನಂದು 430 ಸೆಂಟಿಮೀಟರ್, ಇಕಿಗೆ 370ದ್ದು ಬೇಕು. ಬೂಮೂ ಸಣ್ಣದು ಬೇಕು. ಮತ್ತ ಗಾಳಿ ಕಡಿಮಿ ಇದ್ದಾಗ 4 ಸಾಕಾಗೂದಿಲ್ಲ, 5ರದೊಂದು ಬೇಕು. ಎಲ್ಲಾ ಕೂಡಿ ಖರ್ಚು ಎಷ್ಟಾತು?" ಮಾತು ಖರೇ ಅದ. ಪ್ರತಿ ಹಾಯಿ ಮ್ಯಾಲೂ ಯಾವ ಕಂಬ, ಎಷ್ಟುದ್ದ ಬೂಮ್ ಅಂತ ಬರದಿರ್ತಾರ. ಅದನ್ನ ಓದಲಾರದ ಬರೇ ಹಾಯಿ ತಂದ್ರ, ಅಳತಿಗಿಂತ ಬಿರುಸು ಕಂಬದ ಮ್ಯಾಲೆ ಸಣ್ಣ ಹಾಯಿ ಅದರ ಆಕಾರಕ್ಕ ಕೂಡೂದಿಲ್ಲ. ಹೊಸಾದು ತಗೊಳ್ಳಲಿಕ್ಕೆ ಹೋದ್ರ ತಿಂಗಳ ಲೆಕ್ಕ ತಪ್ಪತದ.

ಆದರ ನಾ ಒಂದು ಪ್ರಶ್ನಾ ಕೇಳಿದೆ. ನಿಮ್ಮ ಹತ್ತರ ಎಷ್ಟು ಹಾಯಿ ಅವ? ಮೂರು. ಯಾಕ ಮೂರು? ಗಾಳಿ ಬ್ಯಾರೆ ಬ್ಯಾರೆ ಇರ್ತದಂತ. ಹಂಗಾದ್ರ ಅದೇ ಗಾಳಿ ಅಕಿ ಮ್ಯಾಲೂ ಬೀಸ್ತದಲ್ಲ? ಅಳಿಯಂದ್ರು ಒಳ್ಳೇವರು, ನಕ್ಕರು, ಆಮ್ಯಾಲ ಸುಮ್ನ ಕೂತು ಲೆಕ್ಕ ಹಾಕಿದರು. ಬಳಸಿದ ಸಾಮಾನು ಅಲ್ಲೆ ಭಾಳ ಸಿಗ್ತದ. 4ರ ಹಾಯಿ, 370ರ ಕಂಬ, ಸಣ್ಣ ಬೂಮ್ ಎಲ್ಲಾ ಹಳೇವ ತಂದರು. 5ರ ಹಾಯಿ ಮುಂದಿನ ವರ್ಷಕ್ಕ ಇಟ್ಟರು, ಅಲ್ಲೀತನಕ ಮುಂಜಾನೆಯ ಕಡಿಮಿ ಗಾಳ್ಯಾಗ ಬಾಡಿಗಿದು. ಆ 6ರ ಹಾಯಿ ಮಾರಿದ ರೊಕ್ಕ ಇದಕ್ಕ ಬಂತು. ಅಂದ್ರ ಅಕಿಗೆ ಕೂಡಲಾರದ ಸಾಮಾನು ಇಟ್ಟಕೊಂಡಿದ್ದೇ ಖರ್ಚಾಗಿತ್ತು, ಉಳತಾಯ ಆಗಿರಲಿಲ್ಲ. ಯಾವುದನ್ನ ಬಳಸೂದಿಲ್ಲೋ ಅದು ಪುಕ್ಕಟೆ ಬಂದ್ರೂ ತುಟ್ಟೀನೇ.

ಇನ್ನೊಂದು ಮಾತು ಕೇಳಿಬರ್ತದ: "ಒಲಿಂಪಿಕ್ಸ್‌ನಾಗ ಹೆಂಗಸರು 8ರ ಹಾಯಿ ಹಿಡದಿದ್ರಲ್ಲ, ಇಕಿಗೇನಾಗೇದ?" ಅಂತ. ಖರೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಾಗ ಮೊದಲನೇ ಸಲ ಫಾಯಿಲ್ ಹಚ್ಚಿದ ವಿಂಡ್‌ಸರ್ಫಿಂಗ್ ಬಂತು, ಪಂದ್ಯ ನಡದದ್ದು ಮಾರ್ಸೇ ಊರಿನ ಸಮುದ್ರದಾಗ. ಐಕ್ಯೂಫಾಯಿಲ್ ಅನ್ನೂ ಆ ಪಂದ್ಯದಾಗ ಅವಾಗ ಹೆಂಗಸರಿಗೆ 8, ಗಂಡಸರಿಗೆ 9 ಚದರ ಮೀಟರ್ ಇತ್ತು. ಗಾಳಿ ಕಡಿಮಿ ಇರಲಿ, ಜೋರಿರಲಿ, ಹಾಯಿ ಬದಲಿ ಮಾಡೂ ಹಂಗಿರಲಿಲ್ಲ. ಇಟಲಿಯ ಮಾರ್ತಾ ಮಾಜೆತ್ತಿ ಬಂಗಾರ ಗೆದ್ದಳು. ಅಜ್ಜಿಯ ಒಂಬತ್ತು ವಾರಿ ಸೀರಿಗಿಂತ ತುಸುವೇ ಕಡಿಮಿ ಬಟ್ಟಿ ಹಿಡದು ಸಮುದ್ರದಾಗ ಹಾರೂ ಹುಡುಗೇರನ್ನ ನೋಡಿ ನನಗೂ ಎದಿ ತುಂಬಿ ಬಂತು.

ಆದರ ಪಂದ್ಯದ ನ್ಯಾಯ ಬ್ಯಾರೆ, ಮನಿ ನ್ಯಾಯ ಬ್ಯಾರೆ. ಪಂದ್ಯದಾಗ ಎಲ್ಲಾರಿಗೂ ಒಂದೇ ಸಾಮಾನು ಕೊಟ್ರ ಮಾತ್ರ ಯಾರು ಜಾಣರು ಅಂತ ತಿಳೀತದ. ಹಿಂಗಾಗಿ ಅಲ್ಲೆ ಹಾಯಿ ಮೈಗೆ ಹೊಂದೂದಿಲ್ಲ, ಮೈ ಹಾಯಿಗೆ ಹೊಂದಬೇಕು. ಆ ಆಟಗಾರರು ವರ್ಷಾನುಗಟ್ಟಲೆ ಕಸರತ್ತು ಮಾಡಿ, ತೂಕ ಹೆಚ್ಚು ಮಾಡಿಕೊಂಡು, ಅದನ್ನೇ ಉದ್ಯೋಗ ಮಾಡಿಕೊಂಡವರು. ವಾರಕ್ಕೆರಡು ದಿನ ಆಫೀಸು ಮುಗಿಸಿ ಓಡೂ ನಮ್ಮ ಹುಡುಗೇರು ಆ ಅಳತಿ ಯಾಕ ಹಿಡೀಬೇಕು? ಮದವಿ ಮನಿ ಅಡಗಿ ಹಂಡೇನ ತಂದು ಮೂರು ಮಂದಿ ಸಾರಿಗೆ ಇಡ್ತೀವೇನು?

ಈ ಆಟ ಗಂಡಸರದೇ ಅಂತ ತಿಳಕೊಂಡವರಿಗೂ ಒಂದು ಮಾತು. 1964ರ ಸುಮಾರಿಗೆ ಅಮೆರಿಕಾದ ಪೆನ್ಸಿಲ್ವೇನಿಯಾದಾಗ ನ್ಯೂಮನ್ ಡಾರ್ಬಿ ಅನ್ನೂವರು ಹಲಗಿಗೆ ಹಾಯಿ ಹಚ್ಚಿದಾಗ, ಅದನ್ನ ಮಾಡೂದ್ರಾಗ ಅವರ ಹೆಂಡತಿ ನವೋಮಿ ಕೈನೂ ಇತ್ತು. ಈ ಆಟ ಆಡಿದ ಮೊದಲನೇ ಹೆಂಗಸು ಅಂತ ಅಕಿನ್ನೇ ಎಣಸ್ತಾರ. ಆದರ ಒಲಿಂಪಿಕ್ಸ್‌ನಾಗ 1984ಕ್ಕ ವಿಂಡ್‌ಸರ್ಫಿಂಗ್ ಬಂದಾಗ ಬರೇ ಗಂಡಸರಿಗೆ ಪದಕ ಇತ್ತು. ಹೆಂಗಸರಿಗೆ ತಮ್ಮದೇ ಪಂದ್ಯ ಸಿಕ್ಕಿದ್ದು 1992ಕ್ಕ, ಬಾರ್ಸಿಲೋನಾದಾಗ. ಹುಟ್ಟಿಸೂ ಹೊತ್ತಿಗೆ ಇದ್ದಾಕಿ, ಪಂಕ್ತಿಗೆ ಕೂಡೂ ಹೊತ್ತಿಗೆ ಹಿಂದ.

ಹಂಗಂತ ಸಣ್ಣದೇ ಒಳ್ಳೇದು ಅಂತ ಹಟ ಹಿಡಿಯೂದೂ ಬ್ಯಾಡ. 10 ನಾಟ್ ಗಾಳ್ಯಾಗ 4 ಹಿಡಕೊಂಡು ಹೋದ್ರ ಹಲಗಿ ಏಳೂದಿಲ್ಲ, ತೆಪ್ಪದಂಗ ತೇಲತದ. ಗಾಳಿ ದಂಡಿಯಿಂದ ನೀರಿನ ಕಡೆ ಬೀಸೂ ದಿನ ಹಂಗ ತೇಲಿದ್ರ ಹೊಳ್ಳಿ ಬರೂದೇ ಕಠಿಣ. ಹಂಥಾ ಗಾಳಿಗೆ ಹೊಸಬರು ಇಳೀಲೇಬಾರದು. ಮತ್ತ ಅಳತಿ ಸರಿ ಇದ್ರೂ ತಲಿಗೆ ಹೆಲ್ಮೆಟ್ಟು (ಅಕಿದೇ ತಲಿ ಅಳತೀದು!), ಎದಿಗೆ ದಪ್ಪನ ಜಾಕೀಟು ಬೇಕು, ರೆಕ್ಕಿಯ ಅಂಚು ಈಳಿಗಿ ಅಂಚಿನಂಗ ಕೊಯ್ಯತದ. ಬಿದ್ರ ಹಲಗಿಯಿಂದ ದೂರ ಬೀಳಬೇಕು. ನೀರು ಎದಿಮಟ ಇರಬೇಕು, ಇಲ್ಲಂದ್ರ ಕೆಳಗಿನ ಕಂಬ ಮರಳಾಗ ಸಿಕ್ಕು ಮುಗ್ಗರಸ್ತದ. ಇವು ಹಾಯಿ ಮಾತಲ್ಲ, ಆದರ ತಾಯಂದ್ರು ಕೇಳಲಾರದ ಬಿಡಬಾರದ ಮಾತು.

ನನ್ನ ಅಭಿಪ್ರಾಯ ಇಷ್ಟು. ಕಲಿಯೂವರಿಗೆ ಸಂಶಯ ಬಂದಾಗ ಒಂದು ಮೆಟ್ಟಲ ಸಣ್ಣ ಹಾಯಿ, ಒಂದು ಮೆಟ್ಟಲ ದೊಡ್ಡ ರೆಕ್ಕಿ. ಇದ್ದದ್ದನ್ನ ಹೆಂಗಸರ ಕೈಗೆ ಕೊಟ್ಟು "ರೂಢಿ ಆಗ್ತದ" ಅನ್ನೂಕ್ಕಿಂತ ಮೊದಲು ಅಕಿ ತೂಕಕ್ಕ, ಅವತ್ತಿನ ಗಾಳಿಗೆ ಒಂದು ಸಲ ಲೆಕ್ಕ ಹಾಕಬೇಕು. ಎರಡು ನಿಮಿಷದ ಗಣಿತ ಅದು, ನಮ್ಮ ಕಾಲದ ಪಿಯುಸಿಯನ್ನೂ ಬೇಡೂದಿಲ್ಲ. ಎಷ್ಟೋ ಹೆಂಗಸರು ಈಜು, ಸೈಕಲ್ಲು, ಗಾಡಿ ಬಿಟ್ಟದ್ದು ಬರೂದಿಲ್ಲಂತ ಅಲ್ಲ, ಬ್ಯಾರೆಯವರ ಅಳತೀದು ಕೈಗೆ ಬಂದಿತ್ತಂತ.

ನಿಮ್ಮ ಮಕ್ಕಳು, ಸೊಸೆಂದ್ರು ಎಲ್ಲೆಲ್ಲೋ ಇದ್ದಾರ, ಏನೇನೋ ಕಲೀಲಿಕ್ಕೆ ಹತ್ಯಾರ. ಫೋನ್ ಮಾಡಿ "ನನ್ನ ಕೈಲೆ ಆಗವಲ್ದು" ಅಂದ್ರ "ಬಿಡು ಹಂಗಾದ್ರ, ನಿನಗ್ಯಾಕ ಬೇಕು" ಅಂತ ಲಗೂ ಅಂದುಬಿಡಬ್ಯಾಡ್ರಿ. ಒಂದು ಮಾತು ಕೇಳ್ರಿ: "ಸಾಮಾನು ಯಾರ ಅಳತೀದು, ತಂಗಿ?"